ಛೀ ಅನ್ನಬಾರದ ಕ್ಲಾಸು

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಅಣಬೆಯ ಬಗ್ಗೆ ಹೇಳಿಕೊಡಲು ನನಗಿಂತ ಲಾಯಕ್ಕಾದವರು ಯಾರೂ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಅಣಬೆಯ ಟೊಪ್ಪಿ, ಕಾಂಡ, ಉಂಗುರ, ಟೊಪ್ಪಿಯ ಕೆಳಗಿನ ಪದರಗಳು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಕೊರತೆ ಒಂದೇ: ಅದನ್ನು ಒಂದು ಸಲವೂ ಬಾಯಿಗೆ ಹಾಕಿಕೊಂಡವಳಲ್ಲ. ಬಸವನಗುಡಿಯ ನಮ್ಮ ಮನೆಯಲ್ಲಿ ಅದಕ್ಕೆ ನಾಯಿಕೊಡೆ ಎಂದೇ ಹೆಸರು. ಹಿತ್ತಲಲ್ಲಿ ಎದ್ದರೆ ಅಮ್ಮ ಕಡ್ಡಿಯಲ್ಲಿ ಎತ್ತಿ ಆಚೆ ಎಸೆದು, ಕೈಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಪ್ರಯೋಗಾಲಯದಲ್ಲಿ ನಾನು ಅದನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿ ಎಷ್ಟು ಸುಂದರ ಎಂದು ವಿದ್ಯಾರ್ಥಿಗಳಿಗೆ ಹೇಳಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡುತ್ತಿದ್ದೆ. ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ವಿಜ್ಞಾನ ಓದಿದವಳು ಎಂಬ ಜಂಬ ಇತ್ತಲ್ಲ.

ಈಗ ನಾನಿರುವುದು ಉತ್ತರಹಳ್ಳಿಗೂ ಚಿಕ್ಕಲಸಂದ್ರಕ್ಕೂ ನಡುವೆ. ಬಸವನಗುಡಿಯ ಮನೆ ಪಾಲಾದ ಮೇಲೆ ಅಮ್ಮನನ್ನು ಕರೆದುಕೊಂಡು ಇಲ್ಲಿನ ಮೂರನೇ ಮಹಡಿಗೆ ಬಂದೆ. ಕಟ್ಟಡ ನಿಂತಿರುವ ಜಾಗ ಹಿಂದೆ ರಾಗಿ ಹೊಲ. ಹೊಲದವರು ಈಗ ನೆಲಮಹಡಿಯಲ್ಲಿದ್ದಾರೆ. ಜಾಗಕ್ಕೆ ಬದಲಾಗಿ ಬಿಲ್ಡರು ಕೊಟ್ಟ ಉಳಿದ ಮನೆಗಳನ್ನು ಬಾಡಿಗೆಗೆ ಬಿಟ್ಟಿದ್ದಾರೆ. ಆ ಮನೆಯ ಸೊಸೆ ಕನಕಪುರದ ಕಡೆಯವಳು, ಮಾತು ಕಡಿಮೆ, ನಗು ಜಾಸ್ತಿ. ಅವಳ ಮಗಳು ಮೂರನೇ ಕ್ಲಾಸಿನಲ್ಲಿ ಓದುತ್ತಾಳೆ. ನಾನು ಹೇಳಹೊರಟಿರುವುದು ಆ ಹುಡುಗಿಯ ವಿಷಯ.

ಹೋದ ಮಳೆಗಾಲದಲ್ಲಿ ಭಾನುವಾರದ ಬೆಳಗಿನ ಕ್ಲಾಸು ಶುರು ಮಾಡಿದೆ. ಶಾಲೆಯ ಹಾಗೆ ಪಾಠ ಒಪ್ಪಿಸುವುದಲ್ಲ, ನೋಡಿ, ಮುಟ್ಟಿ, ಬಣ್ಣ ಹಚ್ಚಿ ಕಲಿಯುವುದು. ವಾಟ್ಸಾಪ್ ಗುಂಪಿನಲ್ಲಿ ಹಾಗೆಂದು ಬಹಳ ಜೋರಾಗಿ ಬರೆದಿದ್ದೆ. ಜಗುಲಿಯಂತಿರುವ ಕಾರ್ ಪಾರ್ಕಿಂಗಿನ ಒಂದು ಮೂಲೆಯಲ್ಲಿ ಚಾಪೆ ಹಾಸಿ ಮಕ್ಕಳನ್ನು ಕೂರಿಸುತ್ತಿದ್ದೆ. ಮೊದಲನೇ ದಿನವೇ ಅಂಗಡಿಯಿಂದ ತರಿಸಿದ ಅಣಬೆಗಳನ್ನು ತಟ್ಟೆಯಲ್ಲಿಟ್ಟು ಎಲ್ಲರ ಕೈಗೂ ಕೊಟ್ಟೆ. ಎರಡನೇ ಮಹಡಿಯ ಹುಡುಗನೊಬ್ಬ ಮೂಗು ಮುಚ್ಚಿಕೊಂಡು, ಛೀ, ಇದನ್ನೆಲ್ಲ ನಮ್ಮನೇಲಿ ತರಲ್ಲ ಅಂದ. ನೆಲಮಹಡಿಯ ಹುಡುಗಿ ಕೈಯಲ್ಲಿದ್ದ ಅಣಬೆಯನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟಳು. ಅದು ನನ್ನ ಕಣ್ಣಿಗೆ ಬಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಬ್ಬರು ತಿನ್ನುವುದನ್ನು ಇನ್ನೊಬ್ಬರು ಛೀ ಅನ್ನುವುದು ಎಷ್ಟು ಕೆಟ್ಟ ಅಭ್ಯಾಸ ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಈ ಕ್ಲಾಸಿನಲ್ಲಿ ಆ ಮಾತು ಯಾರೂ ಆಡಕೂಡದು ಎಂದು ನಿಯಮ ಮಾಡಿದೆ. ಮಕ್ಕಳು ಅದನ್ನು ಛೀ ಅನ್ನಬಾರದ ಕ್ಲಾಸು ಎಂದೇ ಕರೆಯತೊಡಗಿದರು. ನಾನು ಒಳಗೊಳಗೇ ಹಿಗ್ಗಿದೆ.

ಮಾರನೇ ವಾರ ಬಣ್ಣ ಹಚ್ಚುವ ಹಾಳೆ. ಅಣಬೆಯ ಚಿತ್ರ ನಾನೇ ಬರೆದು, ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದ್ದೆ. ಎಲ್ಲ ಮಕ್ಕಳೂ ಒಂದೇ ಸಮನೆ ಕೆಂಪು ಕ್ರೇಯಾನಿಗೆ ಕೈ ಹಾಕಿದವು. ಕೆಂಪು ಟೊಪ್ಪಿ, ಬಿಳಿ ಚುಕ್ಕೆ. ಕಾರ್ಟೂನಿನಲ್ಲಿ ಕಂಡದ್ದು. ಅಂಥದ್ದು ನಮ್ಮ ಬೆಂಗಳೂರಿನ ಮಣ್ಣಿನಲ್ಲಿ ಏಳುವುದಿಲ್ಲ, ಹೊರಗೆ ಹೋಗಿ ನೋಡಿಕೊಂಡು ಬನ್ನಿ ಎಂದು ಗದರಿಸಿದೆ. ಆ ಹುಡುಗಿಯೊಬ್ಬಳೇ ಕೆಂಪು ಮುಟ್ಟಿರಲಿಲ್ಲ. ಪೆನ್ಸಿಲ್ಲಿನ ಸೀಸವನ್ನು ಬೆರಳಲ್ಲಿ ಉಜ್ಜಿ ಟೊಪ್ಪಿಯ ಮಧ್ಯೆ ಬೂದು ಬಣ್ಣ ತಂದಿದ್ದಳು, ಅಂಚಿಗೆ ಹೋಗುತ್ತ ಬಿಳಿಚಿಕೊಳ್ಳುವ ಹಾಗೆ. ಬುಡದಲ್ಲಿ ಮಣ್ಣು ಮೆತ್ತಿಕೊಂಡಿತ್ತು. ಟೊಪ್ಪಿಯ ನೆತ್ತಿಯಲ್ಲಿ ಒಂದು ಚೂಪು ಮೊನೆಯನ್ನೂ ಸೇರಿಸಿದ್ದಳು. ಅದು ಹುತ್ತದ ಅಣಬೆ. ನನ್ನ ಹಾಳೆಯ ಅಣಬೆಯನ್ನು ತಿದ್ದಿ ತನ್ನ ಅಣಬೆ ಮಾಡಿಕೊಂಡಿದ್ದಳು. ಮಾವ ಊರಿನಿಂದ ತರುತ್ತಾನೆ, ಗುಡುಗು ಬಂದ ಮೇಲೆ ಮಾತ್ರ ಸಿಗುತ್ತೆ, ಅಮ್ಮ ಅದಕ್ಕೆ ಚಾಕು ಹಾಕಲ್ಲ, ಕೈಯಲ್ಲೇ ಉದ್ದಕ್ಕೆ ಸೀಳುತ್ತಾಳೆ ಎಂದೆಲ್ಲ ಹೇಳಿದಳು. ನಾನು ಆ ಹಾಳೆಯನ್ನು ಎತ್ತಿ ಹಿಡಿದು, ನೋಡಿ, ಕಣ್ಣಿರುವವರು ಹೀಗೆ ಬಣ್ಣ ಹಚ್ಚುತ್ತಾರೆ ಎಂದು ಎಲ್ಲರಿಗೂ ತೋರಿಸಿದೆ. ಹುಡುಗಿಯ ಮುಖ ಅರಳಿತು. ಯಾವಾಗಲೂ ಚಾಪೆಯ ತುದಿಯಲ್ಲಿ ಕೂರುತ್ತಿದ್ದವಳು ಅಂದಿನಿಂದ ನನ್ನ ಪಕ್ಕಕ್ಕೇ ಬಂದು ಕೂರತೊಡಗಿದಳು.

ಅದಾದ ಕೆಲವು ದಿನಕ್ಕೆ ಸಂಜೆ ಬೆಲ್ ಆಯಿತು. ಹುಡುಗಿ ಮತ್ತು ಅವಳ ಅಮ್ಮ. ಅಮ್ಮನ ಕೈಯಲ್ಲಿ ಸ್ಟೀಲಿನ ಡಬ್ಬಿ. ಊರಿನಿಂದ ಅಣಬೆ ಬಂದಿದೆ, ಈ ವರ್ಷದ ಮೊದಲನೇದು, ಮೇಡಂಗೆ ಕೊಡಲೇಬೇಕು ಅಂತ ಮಗಳು ಹಟ ಹಿಡಿದಳು ಎಂದು ಹೇಳಿದಳು. ಆಮೇಲೆ ಸ್ವಲ್ಪ ಅನುಮಾನದಿಂದ ಕೇಳಿದಳು:

"ನೀವು ತಿಂತೀರಲ್ವಾ ಮೇಡಂ? ನಿಮ್ಮ ಕಡೆಯೋರು ತಿನ್ನಲ್ಲ ಅಂತಾರೆ."

ಇಲ್ಲಮ್ಮ, ನಮ್ಮಲ್ಲಿ ರೂಢಿಯಿಲ್ಲ, ನಿನ್ನ ಪ್ರೀತಿ ಸಾಕು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕೇಳಿದ್ದೇ ನನಗೆ ಆ ದಾರಿ ಬಿಟ್ಟುಕೊಡಲಿಕ್ಕೆ. ಆದರೆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡ ಎಂದರೆ ನಾನೂ ಆ ಎರಡನೇ ಮಹಡಿಯ ಹುಡುಗನ ಸಾಲಿಗೆ ಸೇರಿಬಿಡುತ್ತೇನೆ, ಇವರ ಮನೆಯ ಊಟ ಮುಟ್ಟದ ಹಳೇ ಕಾಲದ ಹೆಂಗಸಾಗಿಬಿಡುತ್ತೇನೆ ಎನ್ನಿಸಿತು. ಅಯ್ಯೋ, ತಿನ್ನದೆ ಏನು, ನನಗೆ ಬಹಳ ಇಷ್ಟ ಎಂದುಬಿಟ್ಟೆ.

ಬಾಗಿಲು ಹಾಕಿಕೊಂಡು ಅಡುಗೆಮನೆಗೆ ಬಂದು ಮುಚ್ಚಳ ತೆಗೆದೆ. ಬೆಳ್ಳುಳ್ಳಿ, ಕಾಯಿ, ಹುರಿದ ಮಸಾಲೆಯ ಘಮ. ವಾಸನೆಗೆ ಹೆಸರಿಡುವ ಹಾಗೇ ಇರಲಿಲ್ಲ. ಒಳಗೆ ಕೈಯಲ್ಲಿ ಸೀಳಿದ ಉದ್ದುದ್ದ ಎಳೆಗಳು. ಚಮಚದಲ್ಲಿ ಒಂದು ಎಳೆ ಎತ್ತಿ ಬಾಯಿಯವರೆಗೆ ತಂದೆ. ಇದು ಏನು, ಎಷ್ಟು ಪ್ರೋಟೀನ್ ಇದೆ, ಎಷ್ಟು ಜನ ಇದಕ್ಕೆ ಹಾತೊರೆಯುತ್ತಾರೆ ಎಲ್ಲ ಗೊತ್ತು. ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ಹಿತ್ತಲಿನ ಕಡ್ಡಿ, ತೊಳೆದ ಕಾಲು, ಅಷ್ಟೇ ಕಣ್ಣ ಮುಂದೆ ಬರುತ್ತಿತ್ತು. ಮುಚ್ಚಳ ಹಾಕಿ, ಅಮ್ಮನಿಗೆ ಕಾಣದ ಹಾಗೆ ಬಾಲ್ಕನಿಯ ಮೂಲೆಯಲ್ಲಿಟ್ಟೆ. ಅಮ್ಮನ ಮಡಿಗೆ ತೊಂದರೆಯಾಗಬಾರದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಡಬ್ಬಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಕೆಳಗಿಳಿದೆ. ಹಸಿ ಕಸದ ಬಕೆಟ್ಟಿಗೆ ಹಾಕಿದರೆ ಬೇರೆಯವರ ಕಣ್ಣಿಗೆ ಬೀಳಬಹುದು. ಕಾಂಪೌಂಡಿನ ಹಿಂದೆ ಒಣಗಿದ ಎಲೆಗಳನ್ನು ಗೊಬ್ಬರ ಮಾಡುವ ತಂತಿ ಬಲೆಯ ಪಂಜರವೊಂದಿದೆ. ಅದನ್ನು ಹಾಕಿಸಿದ್ದೂ ನಾನೇ, ಮೀಟಿಂಗಿನಲ್ಲಿ ಎಲ್ಲರ ಹತ್ತಿರ ಜಗಳವಾಡಿ. ಅದರ ಒಂದು ಮೂಲೆಯಲ್ಲಿ ಎಲೆ ಸರಿಸಿ ಸುರಿದು, ಮೇಲೆ ಎಲೆ ಎಳೆದೆ. ಮಣ್ಣಿನಿಂದ ಬಂದದ್ದು ಮಣ್ಣಿಗೇ ಹೋಯಿತು ಎಂದು ಸಮಾಧಾನ ಮಾಡಿಕೊಂಡೆ. ಸುಳ್ಳಿಗೆ ವೇದಾಂತದ ಒಗ್ಗರಣೆ.

ಇನ್ನು ಡಬ್ಬಿ. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸ್ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಅವರಲ್ಲೂ ಅದೇ ಪದ್ಧತಿ. ತಿಕ್ಕಿ ತೊಳೆದು, ಒರೆಸಿ, ಸಕ್ಕರೆ ಹಾಕಿ ಕೊಟ್ಟೆ. ಸಖತ್ತಾಗಿತ್ತು ಎಂದೆ. ನನ್ನ ವಯಸ್ಸಿನ ಬಾಯಲ್ಲಿ ಆ ಮಾತು ಕೇಳಿ ತಾಯಿ ಮಗಳು ಇಬ್ಬರೂ ನಕ್ಕರು. ಹುಡುಗಿ ಮಾತ್ರ, ನಾನು ಹೇಳಿರಲಿಲ್ವಾ ಎನ್ನುವ ಹಾಗೆ ಅಮ್ಮನ ಕಡೆ ನೋಡಿದಳು.

ಹೊಗಳಿದರೆ ಇನ್ನೊಂದು ಸಲ ಬರುತ್ತದೆ ಎಂಬ ಸಣ್ಣ ಲೆಕ್ಕವೂ ನನಗೆ ಹೊಳೆದಿರಲಿಲ್ಲ. ಮುಂದಿನ ಶನಿವಾರ ಡಬ್ಬಿ ಮತ್ತೆ ಬಂತು. ಈ ಸಲ ಹುಡುಗಿಯೊಬ್ಬಳೇ ತಂದಳು, ಎರಡೂ ಕೈಯಲ್ಲಿ ಹಿಡಿದು, ಲಿಫ್ಟು ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ. ಚೆಲ್ಲದ ಹಾಗೆ ತಂದೆ ಆಂಟಿ ಅಂದಳು. ಅವಳು ಚೆಲ್ಲದ ಹಾಗೆ ತಂದದ್ದನ್ನು ಸೂರ್ಯ ಹುಟ್ಟುವ ಮೊದಲೇ ನಾನು ಅದೇ ಎಲೆ ಪಂಜರದಲ್ಲಿ ಚೆಲ್ಲಿ ಬಂದೆ.

ಬಂದವಳೇ ಕ್ಲಾಸಿಗೆ ತಯಾರಾದೆ. ಆ ಭಾನುವಾರದ ಚಟುವಟಿಕೆ, ಉದುರಿದ ಎಲೆಯನ್ನು ತಿನ್ನುವವರು ಯಾರು ಎಂದು ಹುಡುಕುವುದು. ಎಲೆಯ ಅಡಿಯಲ್ಲಿ ಬಿಳಿ ನೂಲಿನಂತೆ ಹರಡಿರುವ ಅಣಬೆಯ ಜಾಲವನ್ನು, ಅಂದರೆ ನಿಜವಾದ ಅಣಬೆಯನ್ನು, ಮಕ್ಕಳು ಭೂತಗನ್ನಡಿಯಲ್ಲಿ ನೋಡಬೇಕಿತ್ತು. ಅದಕ್ಕೆ ಎಲೆ ಪಂಜರಕ್ಕಿಂತ ಒಳ್ಳೆಯ ಜಾಗ ಇಡೀ ಬಡಾವಣೆಯಲ್ಲಿ ಇಲ್ಲ. ಬಲಗಡೆಯ ಮೂಲೆಗೆ ಯಾರೂ ಹೋಗಬೇಡಿ, ಅಲ್ಲಿ ಇರುವೆ ಇದೆ ಎಂದು ಮುಂಚೆಯೇ ಹೇಳಿದೆ. ಇರುವೆ ಇದೆ ಎಂದರೆ ಮಕ್ಕಳು ಬಿಡುತ್ತಾರೆಯೇ? ನೇರ ಅಲ್ಲಿಗೇ ನುಗ್ಗಿದರು. ಒಬ್ಬ ಕಡ್ಡಿಯಿಂದ ಎಲೆ ಎಬ್ಬಿಸಿದ.

"ಆಂಟಿ, ಛೀ... ಅಲ್ಲ ಅಲ್ಲ, ಸಾರಿ. ಯಾರೋ ಊಟ ಎಸೆದಿದ್ದಾರೆ ಇಲ್ಲಿ."

ಎಲ್ಲರೂ ಬಗ್ಗಿದರು. ಅವಳೂ ಬಗ್ಗಿದಳು. ಎಲೆಗೆ ಮೆತ್ತಿಕೊಂಡ ಮಸಾಲೆ, ಅದರ ನಡುವೆ ಕೈಯಲ್ಲಿ ಸೀಳಿದ ಉದ್ದದ ಎಳೆಗಳು. ಈ ಕಟ್ಟಡದಲ್ಲಿ ಅಣಬೆಯನ್ನು ಹಾಗೆ ಸೀಳುವವರು ಒಬ್ಬರೇ. ಭೂತಗನ್ನಡಿ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಹಿಡಿದು ನೋಡಿದಳು, ನಾನು ಕಲಿಸಿಕೊಟ್ಟ ಹಾಗೇ, ಒಂದು ಕಣ್ಣು ಮುಚ್ಚಿ, ಹತ್ತಿರ ಹೋಗಿ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಏನೋ ಒಂದು ಅರ್ಥವಾಯಿತು, ಅಷ್ಟೇ. ಎರಡೂ ಕೈಯಿಂದ ಎಲೆಗಳನ್ನು ಬಾಚಿ ಅದರ ಮೇಲೆ ಹಾಕಿದಳು. ಇಲ್ಲಿ ನೂಲು ಇಲ್ಲ, ಆ ಕಡೆ ಹುಡುಕೋಣ ಬನ್ನಿ ಎಂದು ಉಳಿದವರನ್ನು ಕರೆದುಕೊಂಡು ಹೋದಳು.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಕೈಯಲ್ಲಿದ್ದ ಬಣ್ಣದ ಹಾಳೆಗಳನ್ನು ಸುಮ್ಮನೆ ಒಂದರ ಮೇಲೊಂದು ಜೋಡಿಸುತ್ತ ನಿಂತೆ. ಮಕ್ಕಳು ಆ ದಿನ ಬಿಳಿ ನೂಲಿಗೆ ಯಾವ ಕ್ರೇಯಾನ್ ಹಚ್ಚುವುದು, ಹಾಳೆಯೇ ಬೆಳ್ಳಗಿದೆಯಲ್ಲ ಎಂದು ಕೇಳಿದವು. ಸುತ್ತಲೂ ಮಣ್ಣಿನ ಬಣ್ಣ ಹಚ್ಚಿ, ನೂಲು ತಾನೇ ಕಾಣುತ್ತದೆ ಎಂದೆ. ಅವಳು ತನ್ನ ಹಾಳೆಗೆ ಪೂರ್ತಿ ಕಪ್ಪು ಹಚ್ಚಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಹೋದಳು. ತೋರಿಸು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಅಮ್ಮ ಕೇಳಿದರು. ಎಲ್ಲ ಹೇಳಿದೆ. ಅಮ್ಮನಿಗೆ ಎಂಬತ್ತು ದಾಟಿದೆ, ಈಗಲೂ ಮಡಿಯಲ್ಲೇ ಅಡುಗೆ, ನಾಯಿಕೊಡೆ ಎಂಬ ಹೆಸರನ್ನು ಬಿಟ್ಟವರಲ್ಲ. ಅವರು ನನ್ನ ಪಕ್ಷ ವಹಿಸುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ:

"ನಮ್ಮಲ್ಲಿ ತಿನ್ನಲ್ಲಮ್ಮ ಅಂತ ಹೇಳೋದಕ್ಕೆ ನಿನಗೆ ಬಾಯಿ ಇರ್ಲಿಲ್ವೇನೇ?"

ಇತ್ತು. ಅಮ್ಮನಾಗಿದ್ದರೆ ಬಾಗಿಲಲ್ಲೇ ಹೇಳುತ್ತಿದ್ದರು, ಡಬ್ಬಿ ಹಿಡಿದ ಕೈ ಹಾಗೇ ಹಿಂದಕ್ಕೆ ಹೋಗುತ್ತಿತ್ತು, ಆ ಕ್ಷಣಕ್ಕೆ ಕಸಿವಿಸಿಯಾಗಿ ಮರೆತೂ ಹೋಗುತ್ತಿತ್ತು. ಅಮ್ಮನ ಮಡಿ ಎಲ್ಲರಿಗೂ ಕಾಣುವಂಥದ್ದು. ನನ್ನದು ಒಳಗಿನದು. ಹೊರಗೆ ಛೀ ಅನ್ನಬಾರದು ಎಂದು ನಿಯಮ ಮಾಡಿ, ಒಳಗೆ ಚೀಲದಲ್ಲಿ ಮುಚ್ಚಿಕೊಂಡು ಹೋಗಿ ಸುರಿಯುವಂಥದ್ದು. ನಾನು ಎಷ್ಟು ಮುಂದುವರಿದವಳು ಎಂದು ಆ ಮಗುವಿನ ಕಣ್ಣಲ್ಲಿ ನೋಡಿಕೊಳ್ಳುವ ಆಸೆಗೆ ಅವರ ವರ್ಷದ ಮೊದಲ ಅಣಬೆಯನ್ನು ಮಣ್ಣುಪಾಲು ಮಾಡಿದ್ದೆ.

ನಿಜ ಹೇಳಿ ಕ್ಷಮೆ ಕೇಳಿಬಿಡೋಣ ಎಂದು ಸಂಜೆ ನೆಲಮಹಡಿಗೆ ಇಳಿದೆ. ತೊಳೆದ ಡಬ್ಬಿಯಲ್ಲಿ ಅಮ್ಮ ಮಾಡಿದ ಕೋಡುಬಳೆ ತುಂಬಿಕೊಂಡು ಹೋಗಿದ್ದೆ. ಹುಡುಗಿಯ ತಾಯಿ ಬಾಗಿಲು ತೆಗೆದವಳೇ, ನಾನು ಬಾಯಿ ತೆರೆಯುವ ಮೊದಲೇ ಖುಷಿಯಿಂದ ಮಾತು ಶುರು ಮಾಡಿದಳು. ಮಗಳು ಎಲ್ಲ ಹೇಳಿದಳಂತೆ. ಆಂಟಿ ಒಂದು ಚೂರೂ ಉಳಿಸದೆ ಅನ್ನಕ್ಕೆ ಕಲಸಿಕೊಂಡು ತಿಂದರು, ಅಜ್ಜಿ ಕೂಡ ವಾಸನೆ ನೋಡಿ ಚೆನ್ನಾಗಿದೆ ಅಂದರು ಎಂದಳಂತೆ. ಅಜ್ಜಿಯೂ ಹಾಗಂದರಾ ಮೇಡಂ ಎಂದು ಅವಳು ನನ್ನನ್ನೇ ಕೇಳಿದಳು. ಒಳಗಿನ ಕೋಣೆಯ ಬಾಗಿಲ ಹತ್ತಿರ ಹುಡುಗಿ ನಿಂತಿದ್ದಳು. ನನ್ನನ್ನು ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದಳು, ಹೂಂ ಅನ್ನಿ ಎನ್ನುವ ಹಾಗೆ.

ಈಗ ನಾನು ನಿಜ ಹೇಳಿದರೆ ಸುಳ್ಳುಗಾತಿಯಾಗುವುದು ಆ ಮಗು, ಅದೂ ತನ್ನ ತಾಯಿಯ ಮುಂದೆ. ಹೇಳದಿದ್ದರೆ ಸುಳ್ಳನ್ನು ಅವಳ ತಲೆಯ ಮೇಲೆ ಹೊರಿಸಿ ನಾನು ಮೇಲಕ್ಕೆ ಹೋಗುತ್ತೇನೆ. ಏನು ಮಾಡಬೇಕಿತ್ತೋ ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಮಾಡಿದ್ದು ಮಾತ್ರ ಗೊತ್ತು. ಹೂಂ ಎಂದೆ. ಮುಂದಿನ ಭಾನುವಾರ ತಮ್ಮ ಮತ್ತೆ ಬರುತ್ತಾನೆ, ಈ ವರ್ಷಕ್ಕೆ ಅದೇ ಕೊನೆ, ನಿಮಗೆ ಅಂತಲೇ ಎತ್ತಿಡುತ್ತೇನೆ ಎಂದಳು ಅವಳು.

ಆ ವಾರವೆಲ್ಲ ಒಂದೇ ಯೋಚನೆ. ಬರುವ ಡಬ್ಬಿಯನ್ನು ನಾನು ತಿನ್ನಬೇಕು. ತಿಂದರೆ ಹುಡುಗಿ ಹೇಳಿದ ಸುಳ್ಳು ಸ್ವಲ್ಪವಾದರೂ ನಿಜವಾಗುತ್ತದೆ. ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತಿಂದರೆ, ನಾನು ಮಾಡಿದ್ದು ತಪ್ಪು ಎಂದು ಅವಳಿಗೆ ಹೇಳಲು ನನಗೆ ಮುಖ ಇರುತ್ತದೆ. ಅಭ್ಯಾಸಕ್ಕೆಂದು ಅಂಗಡಿಯ ಅಣಬೆ ತಂದು ಬೇಯಿಸಿ, ಕಣ್ಣು ಮುಚ್ಚಿ ಒಂದು ತುಂಡು ನುಂಗಿದೆ. ಒಳಗೆ ಹೋಯಿತು. ಏನೂ ಆಗಲಿಲ್ಲ. ಇಷ್ಟಕ್ಕಾಗಿಯೇ ಇಷ್ಟೆಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಅಮ್ಮ ದೇವರ ಕೋಣೆಯ ಬಾಗಿಲನ್ನು ಸುಮ್ಮನೆ ಮುಂದಕ್ಕೆ ಎಳೆದುಕೊಂಡರು.

ಭಾನುವಾರ ಕ್ಲಾಸಿಗೆ ಅವಳು ಬರಲಿಲ್ಲ. ಮಾವ ಬಂದಿರಬೇಕು ಎಂದುಕೊಂಡೆ. ಮಧ್ಯಾಹ್ನ ಬಿಸಿ ಅನ್ನ ಮಾಡಿ, ಬಾಗಿಲಿಗೆ ಎದುರಾಗಿರುವ ಊಟದ ಮೇಜಿನ ಮೇಲೆ ತಟ್ಟೆಯಲ್ಲಿ ಹಾಕಿಕೊಂಡು, ಪಕ್ಕದಲ್ಲಿ ಅವಳಿಗೂ ಒಂದು ತಟ್ಟೆ ಇಟ್ಟು ಕಾಯುತ್ತ ಕುಳಿತೆ. ಬೆಲ್ ಆಯಿತು.

ಅವಳೇ. ಈ ಸಲ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದಿರಲಿಲ್ಲ, ಒಂದು ಕೈಯಲ್ಲಿ ಇಳಿಬಿಟ್ಟುಕೊಂಡಿದ್ದಳು. ಇಸಿದುಕೊಂಡೆ. ಹಗುರವಾಗಿತ್ತು. ಹೊರಗೆಲ್ಲ ಒದ್ದೆ, ಈಗಷ್ಟೇ ನಲ್ಲಿಯಲ್ಲಿ ತೊಳೆದ ಹಾಗೆ. ಮುಚ್ಚಳ ತೆಗೆದರೆ ತಳದಲ್ಲಿ ನೀರಿನ ಹನಿ ಬಿಟ್ಟರೆ ಏನೂ ಇಲ್ಲ.

"ನೀವು ಬೆಳಿಗ್ಗೆ ಎದ್ದು ಕೆಳಗೆ ಇಳಿಯೋದು ಬೇಡ ಅಂತ ನಾನೇ ಹಾಕ್ಬಿಟ್ಟೆ ಆಂಟಿ," ಅಂದಳು. "ಎಲೆ ಚೆನ್ನಾಗಿ ಮುಚ್ಚಿದೀನಿ. ನೀವು ಸಕ್ಕರೆ ಹಾಕ್ಕೊಡಿ, ಸಾಕು."

ಅವಳ ಕಣ್ಣು ನನ್ನನ್ನು ದಾಟಿ ಮೇಜಿನ ಮೇಲಿನ ತಟ್ಟೆಗಳ ಮೇಲೆ ಬಿತ್ತು. ಅಡುಗೆಮನೆಗೆ ಹೋಗಿ ಡಬ್ಬಿ ಒರೆಸಿದೆ. ನಾಲ್ಕು ಚಮಚ ಸಕ್ಕರೆ ಹಾಕಿದೆ. ಬಾಗಿಲಿಗೆ ವಾಪಸ್ ಬಂದಾಗ ಅವಳು ಏನೋ ಯೋಚಿಸುತ್ತ ನಿಂತಿದ್ದಳು.

"ಆಂಟಿ, ಈ ಸಲ ಖಾರ ಸ್ವಲ್ಪ ಜಾಸ್ತಿ ಆಗಿತ್ತು ಅಂದ್ರು ಅಂತ ಅಮ್ಮಂಗೆ ಹೇಳ್ಲಾ? ಬರೀ ಚೆನ್ನಾಗಿತ್ತು ಅಂದ್ರೆ ಅವಳು ನಂಬಲ್ಲ."

ಸಕ್ಕರೆ ಹಾಕಿದ ಡಬ್ಬಿಯನ್ನು ಅವಳ ಕೈಗೆ ಕೊಟ್ಟೆ.